ಬಾಯಿಗೆ ಬಾರದ ಸಮಾಧಾನ

ಗುಂಡ್ಲುಪೇಟೆಯ ಊಟಿ ರಸ್ತೆಯಲ್ಲಿ, ಔಷಧಿ ಅಂಗಡಿಯೊಂದರ ಮಹಡಿಯ ಮೇಲೆ ಆ ಕೋಚಿಂಗ್ ಸೆಂಟರ್ ಇತ್ತು. ಬಾಗಿಲು ತಳ್ಳಿದ ಚಾಮುಂಡಿಯ ಕಾಲು ಹೊಸ್ತಿಲಲ್ಲೇ ನಿಂತುಹೋಯಿತು.

ಮೇಜಿನ ಹಿಂದೆ ಕೂತಿದ್ದವನು ತಲೆ ಎತ್ತಿ ನೋಡಿದ.

ಅವನೇ... ಮೂರು ವರ್ಷದಿಂದ ಅವಳನ್ನು ಬಿಡದೆ ಕಾಡುತ್ತಿದ್ದ ಅದೇ ಕಣ್ಣುಗಳು.

"ಬನ್ನಿ, ಕೂತ್ಕೊಳ್ಳಿ. ನಾನು ನಾಗೇಂದ್ರ. ಸ್ಪೀಕಿಂಗ್ ಕ್ಲಾಸ್ ನಂದೇ," ಎಂದ ಅವನು.

ಅವನಿಗೆ ಗುರುತು ಸಿಗಲಿಲ್ಲ. ಅಂದು ಅವಳ ಮುಖದ ಮೇಲೆ ಮಾಸ್ಕ್ ಇತ್ತಲ್ಲ. ಹಾಗೇ ತಿರುಗಿ ಓಡಿಹೋಗಬೇಕು ಅನ್ನಿಸಿತು. ಆದರೆ ಪರೀಕ್ಷೆಗೆ ಉಳಿದಿದ್ದು ಎಂಟೇ ವಾರ. ಸುತ್ತಮುತ್ತ ಇದನ್ನು ಹೇಳಿಕೊಡುವವರು ಬೇರೆ ಯಾರೂ ಇರಲಿಲ್ಲ. ಕೂತಳು.

ಚಾಮುಂಡಿ ತೆರಕಣಾಂಬಿಯ ಹುಡುಗಿ. ಚಾಮರಾಜನಗರದ ಒಂದು ನರ್ಸಿಂಗ್ ಹೋಮಿನಲ್ಲಿ ಐದು ವರ್ಷದಿಂದ ನರ್ಸ್. ಐರ್ಲೆಂಡಿನ ಆಸ್ಪತ್ರೆಯೊಂದು ಅವಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಒಪ್ಪಿತ್ತು. ಅದಕ್ಕೆ ನರ್ಸ್‌ಗಳಿಗೆಂದೇ ಇರುವ ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕಿತ್ತು. ಓದು, ಬರಹ, ಕೇಳಿಸಿಕೊಳ್ಳುವುದು ಮೂರರಲ್ಲೂ ಮೊದಲ ಸಲವೇ ಗೆದ್ದಿದ್ದಳು. ಸೋತಿದ್ದು ಮಾತಿನಲ್ಲಿ. ಅಲ್ಲಿ ಕೈಗೊಂದು ಕಾರ್ಡ್ ಕೊಡುತ್ತಾರೆ. ಎದುರಿಗೆ ಕೂತವರು ರೋಗಿಯೋ, ರೋಗಿಯ ಮಗನೋ ಆಗಿ ಮಾತಾಡುತ್ತಾರೆ. ಐದು ನಿಮಿಷ ಅವರಿಗೆ ವಿವರಿಸಿ, ಧೈರ್ಯ ಹೇಳಿ, ಸಮಾಧಾನ ಮಾಡಬೇಕು.

ಇಂಗ್ಲಿಷ್ ಅವಳಿಗೆ ಕಷ್ಟವಿರಲಿಲ್ಲ. ಆದರೆ 'ಅಮ್ಮ ಹೇಗಿದ್ದಾರೆ' ಎಂದು ಎದುರಿನವರು ಕೇಳಿದ ಕೂಡಲೇ ನಾಲಿಗೆ ಒಣಗುತ್ತಿತ್ತು. ಯಾವ ಭಾಷೆಯಲ್ಲೂ ಉತ್ತರ ಬರುತ್ತಿರಲಿಲ್ಲ. ಕಿವಿಯಲ್ಲಿ ಫೋನ್ ರಿಂಗಾಗುವ ಸದ್ದು ಮಾತ್ರ... ಯಾರೂ ಎತ್ತದ ಫೋನು.

ಮೂರು ವರ್ಷದ ಹಿಂದೆ ಲಕ್ಷ್ಮಿದೇವಿ ಎಂಬ ಹೆಂಗಸನ್ನು ಎದೆನೋವೆಂದು ಅವರ ಮಗ ಕರೆತಂದಿದ್ದ. ಎರಡನೇ ದಿನ ಮಧ್ಯಾಹ್ನ ಅವನು ವಾರ್ಡಿನ ಬಾಗಿಲಲ್ಲಿ ನಿಂತು ಅವ್ವ ಹೇಗಿದ್ದಾಳೆ ಎಂದು ಕೇಳಿದ. ಬೆಳಗಿನಿಂದ ಏನೂ ತಿಂದಿರಲಿಲ್ಲ. ಚೆನ್ನಾಗಿದ್ದಾರೆ, ಏನೂ ಆಗಲ್ಲ, ಊಟ ಮಾಡಿ ಬನ್ನಿ ಎಂದು ಚಾಮುಂಡಿಯೇ ಕಳಿಸಿದ್ದಳು. ಅವನು ಮರಳಿ ಬಂದಾಗ ಮೂರನೇ ನಂಬರ್ ಹಾಸಿಗೆಯ ಮೇಲೆ ಮುಖದವರೆಗೂ ಬಿಳಿ ಬಟ್ಟೆ ಹೊದಿಸಲಾಗಿತ್ತು.

ಅವನು ಅಳಲಿಲ್ಲ. ಅವಳನ್ನೇ ನೋಡಿ, "ನೀವೇ ಓಗಿ ಅಂದ್ರಲ್ಲ ಸಿಸ್ಟರ್," ಎಂದ.

ಆ ಮಾತು ಅವಳ ಜೊತೆಗೇ ಬಂತು. ಮೂರನೇ ಹಾಸಿಗೆಯ ಪಕ್ಕ ಹಾದುಹೋಗುವಾಗ ಬೆನ್ನ ಹಿಂದೆ ಕೇಳುತ್ತಿತ್ತು. ತಲೆ ಬಾಚಿಕೊಳ್ಳುವಾಗ ಕನ್ನಡಿಯಲ್ಲಿ ಅವನ ಕಣ್ಣು ಕಾಣುತ್ತಿತ್ತು. ಖಾಲಿ ಹಾಸಿಗೆಯ ಹೊದಿಕೆ ಸರಿಮಾಡಲು ಬಗ್ಗಿದರೆ ಯಾರೋ ಮಣಿಕಟ್ಟು ಹಿಡಿದ ಹಾಗೆ... ಐರ್ಲೆಂಡ್ ಅವಳ ಕನಸೇನೂ ಆಗಿರಲಿಲ್ಲ. ಆ ವಾರ್ಡಿನಿಂದ ದೂರ ಹೋಗಬೇಕಿತ್ತು, ಅಷ್ಟೇ. ಈಗ ಹೋಗುವ ದಾರಿಗೆ ಅಡ್ಡಲಾಗಿ ಅವನೇ ಕೂತಿದ್ದ.

ಪ್ರತಿ ಭಾನುವಾರ ಚಾಮರಾಜನಗರದಿಂದ ಬಸ್ಸು ಹತ್ತಿ ಗುಂಡ್ಲುಪೇಟೆಗೆ ಬರತೊಡಗಿದಳು. ನಾಗೇಂದ್ರ ವಾರವಿಡೀ ಪಿಯು ಕಾಲೇಜಿನಲ್ಲಿ ಇಂಗ್ಲಿಷ್ ಮೇಷ್ಟ್ರು. ತಾಳ್ಮೆಯವನು. ಅವಳ ಮಾತು ತಡೆದು ನಿಂತಾಗ ಗಡಿಯಾರ ನೋಡುತ್ತಿರಲಿಲ್ಲ. ಕಿಟಕಿಯಾಚೆ ಕೇರಳಕ್ಕೆ ಹೊರಟ ತರಕಾರಿ ಲಾರಿಗಳನ್ನು ನೋಡುತ್ತಾ ಸುಮ್ಮನೆ ಕಾಯುತ್ತಿದ್ದ. ಒಮ್ಮೆ ಸಕ್ಕರೆ ಕಾಯಿಲೆಯ ಮುದುಕನಾಗಿ, ಲಾಡು ಮಾತ್ರ ಬಿಡಲಾರೆ ಎಂದು ಇಂಗ್ಲಿಷಿನಲ್ಲಿ ಹಟ ಹಿಡಿದಾಗ ಅವಳು ಎಲ್ಲ ಮರೆತು ನಕ್ಕಳು.

ನಕ್ಕ ಮೇಲೆ ಹೆದರಿದಳು. 'ಇವನ ಎದುರು ನಾನು ನಗಬಹುದಾ...?'

ಐದನೇ ವಾರ ಶೀತವಾಗಿತ್ತು. ಮಾಸ್ಕ್ ಹಾಕಿಕೊಂಡೇ ಹೋದಳು. ಅಂದು ನಾಗೇಂದ್ರ ಯಾಕೋ ಹೆಚ್ಚು ಮಾತಾಡಲಿಲ್ಲ. ಬಸ್ಸಿನವರೆಗೂ ಬಂದು, ಶುಂಠಿ ಕಷಾಯ ಕುಡಿಯಿರಿ ಎಂದಷ್ಟೇ ಹೇಳಿ ಹೋದ. ಬಸ್ಸು ತೆರಕಣಾಂಬಿ ದಾಟುವವರೆಗೂ ಅವಳು ಆ ಒಂದು ಮಾತನ್ನೇ ನೆನೆಯುತ್ತಾ ಕೂತಿದ್ದಳು. ಇದು ಪ್ರೀತಿ ಎಂದು ತಿಳಿಯಿತು. ತಾನು ಯಾರೆಂದು ಹೇಳದೆ ಅವನನ್ನು ಪ್ರೀತಿಸುವುದು ಕಳ್ಳತನವಲ್ಲವೇ?

ಮುಂದಿನ ಭಾನುವಾರ ಅವನು ತಾನೇ ಬರೆದ ಹೊಸ ಕಾರ್ಡೊಂದನ್ನು ಅವಳ ಮುಂದಿಟ್ಟ. ಎದೆನೋವಿನ ತಾಯಿ. ಊಟಕ್ಕೆ ಹೋದ ಮಗ. ಮರಳಿದಾಗ ತಾಯಿ ಇಲ್ಲ. ನರ್ಸ್ ಅವನೊಂದಿಗೆ ಮಾತಾಡಬೇಕು.

ಕಾರ್ಡು ಅವಳ ಕೈಯಿಂದ ಜಾರಿತು.

"ನಿಮಗೆ... ಗೊತ್ತಿತ್ತಾ?"

"ಹೋದ ವಾರ ಗೊತ್ತಾಯ್ತು. ಮಾಸ್ಕ್ ಹಾಕಿದ್ರಲ್ಲ..."

ಉಳಿದದ್ದನ್ನು ಕೇಳಲು ಅವಳು ನಿಲ್ಲಲಿಲ್ಲ. ಇಷ್ಟು ಸೌಮ್ಯ ಸ್ವಭಾವದ ಮನುಷ್ಯ ಇಂಥ ಸೇಡು ತೀರಿಸಿಕೊಳ್ಳುತ್ತಾನಾ! ಮೆಟ್ಟಿಲಿಳಿದು, ರಸ್ತೆ ದಾಟಿ, ಬಸ್ ನಿಲ್ದಾಣದ ಕಲ್ಲುಬೆಂಚಿನ ತುದಿಯಲ್ಲಿ ಕುಸಿದಳು. ಚಾಮರಾಜನಗರದ ಬಸ್ಸು ಇನ್ನೂ ಬಂದಿರಲಿಲ್ಲ.

ನಾಗೇಂದ್ರ ಓಡುತ್ತಾ ಬಂದ. ಪಕ್ಕದಲ್ಲಿ ಕೂರದೆ ಎದುರಿಗೆ ನಿಂತ. ಇಷ್ಟು ವಾರ ಅಳೆದು ತೂಗಿ ಮಾತಾಡುತ್ತಿದ್ದ ಮೇಷ್ಟ್ರ ಬಾಯಲ್ಲಿ ಈಗ ಮನೆಯ ಮಾತು ಬಂತು.

"ಸೇಡಿಗಲ್ಲ ಚಾಮುಂಡಿ. ನೇರವಾಗಿ ಏಳಕ್ಕೆ ಧೈರ್ಯ ಬರ್ನಿಲ್ಲ, ಅದ್ಕೇ ಕಾರ್ಡ್ ಬರ್ದೆ. ಅದ್ರಲ್ಲಿ ಮಗನೇ ಕ್ಷಮೆ ಕೇಳ್ಬೇಕಾಗಿತ್ತು."

ಅವಳು ತಲೆ ಎತ್ತಿದಳು.

"ಅವತ್ತು ನೀವು ಮೂರು ಸಲ ಫೋನ್ ಮಾಡುದ್ರಿ. ಮೂರು ಸಲಾನೂ ನೋಡ್ದೆ. ಎತ್ನಿಲ್ಲ. ಊಟ ಹತ್ತು ನಿಮಿಷಕ್ಕೇ ಮುಗ್ದಿತ್ತು. ಎತ್ತುದ್ರೆ ಏನ್ ಏಳ್ತಾರೋ ಅಂತ ಭಯ ಬಿದ್ದು ಓಟ್ಲು ಕಟ್ಟೆ ಮೇಲೆ ಕೂತ್ಬುಟ್ಟೆ. ಆಮೇಲೆ ಬಂದು ಎಲ್ಲಾನೂ ನಿಮ್ ಮೇಲೆ ಆಕ್ಬುಟ್ಟೆ..."

ಅದಾದ ಮೇಲೆ ಎರಡು ಸಲ ನರ್ಸಿಂಗ್ ಹೋಮಿನ ಗೇಟಿನವರೆಗೂ ಹೋಗಿದ್ದನಂತೆ. ಆ ನರ್ಸಿನ ಹೆಸರೂ ಗೊತ್ತಿಲ್ಲ, ಮುಖವೂ ಗೊತ್ತಿಲ್ಲ. ಯಾರನ್ನು ಕೇಳುವುದೆಂದು ತಿಳಿಯದೆ ಹಿಂತಿರುಗಿದ್ದ.

ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಒಂದು ಸಂಗತಿ ಚಾಮುಂಡಿಯಲ್ಲೂ ಇತ್ತು.

"ನಾನೂ ತಡ ಮಾಡ್ದೆ," ಎಂದಳು ಮೆಲ್ಲಗೆ. "ಡಾಕ್ಟ್ರನ್ನ ಕೂಗಿ, ನಿಮಗೆ ಫೋನ್ ಮಾಡಕ್ಕೆ ಎದ್ದಾಗ ನಿಮ್ಮವ್ವ ನನ್ನ ಕೈ ಇಡ್ಕೊಂಡ್ರು. 'ಅವನ್ನ ಕರೀಬ್ಯಾಡ ಕಣಮ್ಮಿ, ಭಯ ಬೀಳ್ತಾನೆ. ಉಂಡ್ಕಂಡು ನಿಧಾನಕ್ಕೆ ಬರ್ಲಿ ಬುಡು' ಅಂದ್ರು. ಐದು ನಿಮಿಷ ನಾನು ಅವ್ರ ಮಾತು ಕೇಳ್ಬುಟ್ಟೆ."

ನಾಗೇಂದ್ರ ಬೆಂಚಿನ ಮೇಲೆ ಕೂತ. ಮೂರು ವರ್ಷದಲ್ಲಿ ಮೊದಲ ಸಲ ತಾಯಿಗಾಗಿ ಅತ್ತ, ಜನ ನೋಡುತ್ತಿದ್ದಾರೆಂಬ ಪರಿವೆಯಿಲ್ಲದೆ.

ಅವಳ ಕೈ ತಾನಾಗಿ ಅವನ ಭುಜದ ಮೇಲೆ ಹೋಯಿತು. ಇಷ್ಟು ದಿನ ಬಾರದಿದ್ದ ಮಾತು ಮೆಲ್ಲಗೆ ಬಂತು.

"ಅವ್ರು ಒಬ್ರೇ ಇರ್ನಿಲ್ಲ. ಕೊನೇವರ್ಗೂ ನಾನು ಜೊತೇಲೇ ಇದ್ದೆ."

ಚಾಮರಾಜನಗರದ ಎರಡು ಬಸ್ಸು ಬಂದು ಹೋದವು. ಅವಳು ಹತ್ತಲಿಲ್ಲ.

ಪರೀಕ್ಷೆಯ ದಿನ ಎದುರಿಗೆ ಕೂತ ಅಪರಿಚಿತ ಹೆಂಗಸು, ಗಾಬರಿಯಾದ ಮಗಳಾಗಿ, ಅಪ್ಪ ಉಳಿಯುತ್ತಾರಾ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಚಾಮುಂಡಿಯ ಕಿವಿಯಲ್ಲಿ ಫೋನ್ ರಿಂಗಾಗುವ ಆ ಸದ್ದು ಮತ್ತೆ ಶುರುವಾಯಿತು. ಅದು ನಿಲ್ಲಲಿ ಎಂದು ಅವಳು ಕಾಯಲಿಲ್ಲ. ಏನೂ ಆಗಲ್ಲ ಎಂಬ ಸುಳ್ಳನ್ನೂ ಹೇಳಲಿಲ್ಲ. ಗೊತ್ತಿರುವುದನ್ನು ಹೇಳಿದಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದಳು, ನಾನು ಇಲ್ಲೇ ಇರುತ್ತೇನೆ ಎಂದಳು. ಐದು ನಿಮಿಷ ಮುಗಿದದ್ದೇ ತಿಳಿಯಲಿಲ್ಲ.

ಪಾಸಾದಳು.

ಅದೇ ವಾರ ನಾಗೇಂದ್ರ ಅವಳ ಜೊತೆ ತೆರಕಣಾಂಬಿಯಲ್ಲಿ ಬಸ್ಸಿಳಿದ. ಪರೀಕ್ಷೆಗೆ ಮುಂಚೆಯೇ ಇಬ್ಬರೂ ತಮ್ಮ ಮನಸ್ಸು ಹೇಳಿಕೊಂಡಾಗಿತ್ತು. ಈಗ ಅವಳ ಅಪ್ಪ ರಾಚಯ್ಯನವರ ಹತ್ತಿರ ಮದುವೆಯ ಮಾತಾಡಬೇಕಿತ್ತು. ಎರಡು ವರ್ಷ ಐರ್ಲೆಂಡಿಗೆ ಅವಳು ಹೋಗಿಬರಲಿ, ತಾನು ಕಾಯುತ್ತೇನೆ ಎಂದು ದಾರಿಯುದ್ದಕ್ಕೂ ಹೇಳಿದ್ದ. ಮದುವೆ ಮಾಡಿಕೊಂಡೇ ಹೋಗುತ್ತೇನೆ ಎಂದು ಅವಳು ಹಟ ಹಿಡಿದಿದ್ದಳು.

ಮನೆಯ ತಿರುವಿನಲ್ಲಿ ಚಾಮುಂಡಿ ತಡೆದು ನಿಂತಳು.

"ಒಂದು ಮಾತು. ಮದ್ವೆಯಾದ್ಮೇಲೂ ಅವತ್ತಿನ ದಿನ ನಮ್ಮಿಬ್ಬರ ಮಧ್ಯೆ ಬಂದು ಕೂರುತ್ತೆ. ನನ್ನ ಮುಖ ನೋಡಿದಾಗೆಲ್ಲ ನಿಮಗೆ ಅದೇ ನೆನಪಾದ್ರೆ?"

ಅವನು ಸುಳ್ಳು ಹೇಳಲಿಲ್ಲ.

"ಆಯ್ತದೆ. ನಂಗೂ ಭಯ ಅದೆ."

"ಮತ್ತೆ...?"

"ಒಬ್ಬೊಬ್ರೇ ಭಯ ಬಿದ್ದಿದ್ದು ಸಾಕು ಕಣಮ್ಮಿ. ಇನ್ಮೇಲೆ ಇಬ್ರೂ ಒಟ್ಗೇ ಬೀಳನ."

ಅವಳ ಕಣ್ಣು ತುಂಬಿತು. ಅವನ ಬೆರಳಿಗೆ ತನ್ನ ಬೆರಳು ಸೇರಿಸಿ, "ನಡಿ, ಅಪ್ಪ ಕಾಯ್ತಾವ್ರೆ," ಎಂದಳು. ಮೊದಲ ಸಲ ಅವನನ್ನು ಏಕವಚನದಲ್ಲಿ ಕರೆದದ್ದು ಅವಳಿಗೆ ಆಮೇಲೆ ಹೊಳೆಯಿತು.