ಏಳನೇ ಕುಳಿಯ ಪುಟಗಳು

ಬೆಳಿಗ್ಗೆ ಎಂಟು ಗಂಟೆಗೇ ನಮ್ಮ ಅತ್ತೆಯ ಬಾಗಿಲು ತಟ್ಟಿದ ಹೆಂಗಸು, ಎಷ್ಟು ಹೇಳಿದರೂ ಕುರ್ಚಿಯ ಮೇಲೆ ಕೂರಲಿಲ್ಲ. ಗಾಲ್ಫ್ ಕ್ಲಬ್ಬಿನಲ್ಲಿ ನೆಲ ಒರೆಸುವ ಕೆಲಸ ಆಕೆಯದು.

"ಕೂತ್ಕೊಂಡ್ರೆ ಅಳು ಬಂದ್ಬಿಡುತ್ತೆ. ನಾನು ಅಳೋಕೆ ಬಂದಿಲ್ಲಮ್ಮ, ನಂಗೆ ಸಿಟ್ಟು ಬಂದಿದೆ," ಎಂದಳು.

ಅತ್ತೆ, ಅಂದರೆ ನನ್ನ ತಂದೆಯ ಅಕ್ಕ, ಮೂವತ್ತು ವರ್ಷ ಸಮುದ್ರತೀರವನ್ನು ಅಳೆದು ನಕ್ಷೆ ಬರೆದು ನಿವೃತ್ತರಾದವರು. ಆಮೇಲೆ ಜನರ ಸುಳ್ಳುಗಳನ್ನು ಅಳೆಯುವುದೇ ಅವರ ಕೆಲಸವಾಗಿತ್ತು. ಅವರ ಕಾರು ಓಡಿಸುವುದು, ಟಿಪ್ಪಣಿ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

"ನಿಂತೇ ಹೇಳು. ಏನೂ ಬಿಡಬೇಡ," ಎಂದರು ಅತ್ತೆ.

ಆಕೆಯ ತಂದೆ ನಲವತ್ತು ವರ್ಷ ಕ್ಯಾಡಿಯಾಗಿದ್ದವರು. ಆಟಗಾರರ ಚೀಲ ಹೊತ್ತು, ಯಾವ ಹೊಡೆತಕ್ಕೆ ಯಾವ ಕೋಲು ಎಂದು ಹೇಳಿಕೊಡುತ್ತಿದ್ದರು. ಕ್ಲಬ್ಬಿನ ಎಂಟು ಜನ ಪ್ರತಿವರ್ಷ ಕಡಲಂಚಿನ ಲಿಂಕ್ಸ್ ಮೈದಾನಗಳಿಗೆ ಪ್ರವಾಸ ಹೋಗುತ್ತಿದ್ದರು. ಮರವಿಲ್ಲದ ಮರಳುದಿಣ್ಣೆಯ ಆ ಮೈದಾನಗಳಲ್ಲಿ ಅರ್ಧ ಆಟ ಗಾಳಿಯದು. ಯಾವುದಕ್ಕೆ ಹೋಗಬೇಕು, ಯಾವುದನ್ನು ಬಿಡಬೇಕು ಎಂದು ಹೇಳುತ್ತಿದ್ದವರು ಆ ಕ್ಯಾಡಿಯೇ. ಹೋದ ವರ್ಷ ಅವರು ತೀರಿಕೊಂಡರು. ಪ್ರತಿ ಮೈದಾನದ ಗಾಳಿ, ಇಳಿಜಾರು, ಅಲ್ಲಿ ಆಡಿದ ದಿನಗಳು, ಎಲ್ಲವನ್ನೂ ಬರೆದಿಟ್ಟ ದಪ್ಪ ಪುಸ್ತಕವೊಂದು ಕ್ಲಬ್ಬಿನ ಕಪಾಟಿನಲ್ಲಿ ಉಳಿಯಿತು. ಈ ಸಲ ಅದನ್ನೇ ಗಟ್ಟಿಯಾಗಿ ಓದಿ ಮೈದಾನಗಳನ್ನು ಆರಿಸೋಣ ಎಂದು ನಿಶ್ಚಯವಾಗಿತ್ತು.

"ನಿನ್ನೆ ಮೀಟಿಂಗಲ್ಲಿ ತೆಗೆದು ನೋಡಿದ್ರೆ, ದೀಪಸ್ತಂಭದ ಮೈದಾನದ ನಾಲ್ಕು ಹಾಳೆ ಹರಿದುಹೋಗಿತ್ತು. ನನ್ನ ಬಕೆಟ್ಟಲ್ಲಿ ನೆನೆದ ಕಾಗದದ ಮುದ್ದೆ ಸಿಕ್ತು. ಅಪ್ಪನ ಪುಸ್ತಕ ವಾಪಸ್ ಕೊಡಿ ಅಂತ ನಾನು ಎರಡು ಸಲ ಕೇಳಿದ್ದೆ, ಕೊಟ್ಟಿರಲಿಲ್ಲ. ಆ ಸಿಟ್ಟಿಗೆ ಹರಿದಳು ಅಂದ್ರು. ಎಲ್ಲರ ಎದುರಿಗೆ ನನ್ನ ಚೀಲ ನೆಲದ ಮೇಲೆ ಸುರಿದ್ರು. ನನ್ನ ಬಾಚಣಿಗೆ, ಬಟ್ಟೆ, ಎಲ್ಲ. ಇನ್ನು ಕೆಲಸಕ್ಕೂ ಬರಬೇಡ ಅಂದ್ರು."

ನನ್ನ ಕೈಯ ಪೆನ್ನು ನಿಂತಿತು. ಆ ಎಂಟು ಜನರಲ್ಲಿ ನಮ್ಮ ಯಜಮಾನರೂ ಒಬ್ಬರು. ನಿನ್ನೆ ಮಧ್ಯಾಹ್ನ ಮನೆಗೆ ಬಂದು ಊಟ ಮಾಡಿ, ಪತ್ರಿಕೆ ಓದಿ ಮಲಗಿದ್ದರು. ಈ ಮಾತು ಎತ್ತಿರಲಿಲ್ಲ.

"ನಿಮ್ಮಪ್ಪ ಅದನ್ನ ಯಾವಾಗ ಬರೀತಿದ್ರು?" ಎಂದು ಅತ್ತೆ ಕೇಳಿದರು.

"ಮೈದಾನದಲ್ಲೇ, ನಿಂತ ಹಾಗೇ. ಮಳೆ ಬಂದ್ರೂ ಬಿಡ್ತಿರಲಿಲ್ಲ. ಕಿವಿ ಮೇಲೆ ಪೆನ್ಸಿಲ್ ತುಂಡು ಇಲ್ಲದೆ ನಾನು ಅವರನ್ನ ನೋಡೇ ಇಲ್ಲ."

ಹತ್ತು ಗಂಟೆಗೆ ನಾವು ಕ್ಲಬ್ಬಿಗೆ ಹೋದೆವು. ಕಾರ್ಯದರ್ಶಿ ಬಕೆಟ್ಟನ್ನು ಉಗ್ರಾಣದಲ್ಲಿ ಬೀಗ ಹಾಕಿ ಇಟ್ಟಿದ್ದ. ತೀರ್ಪು ಕೊಟ್ಟಾದ ಮೇಲೂ ಸಾಕ್ಷಿ ಕಾಯುವ ಜಾತಿಯವನು. ನೀರು ತಿಳಿನೀಲಿಯಾಗಿತ್ತು, ಮುದ್ದೆಯ ಮೇಲೆ ಒಂದಕ್ಷರವೂ ಉಳಿದಿರಲಿಲ್ಲ. ಅತ್ತೆ ಅದನ್ನು ಬೆರಳಲ್ಲಿ ಒತ್ತಿ ನೋಡಿದರು. ಆಮೇಲೆ ಪುಸ್ತಕದ ಉಳಿದ ಪುಟಗಳನ್ನು ತಿರುವಿದರು.

"ಕಪಾಟಿನ ಕೀಲಿ?"

"ಅಲ್ಲೇ ಮೊಳೆಗೆ ನೇತಾಕಿರುತ್ತೆ. ಆದ್ರೆ ಬೆಳಿಗ್ಗೆ ಮೊದಲು ಬರೋದು ಅವಳೇ ತಾನೆ?" ಎಂದ ಕಾರ್ಯದರ್ಶಿ.

ಒಳಗೆ ಆ ಎಂಟು ಜನರಲ್ಲಿ ಒಬ್ಬರಾದ ಡಾಕ್ಟರರು ಸಿಕ್ಕರು. ಮಂಡಿನೋವಿನ ಮನುಷ್ಯ. "ನಿಜ ಹೇಳ್ಬೇಕಂದ್ರೆ ಆ ಪುಟ ಹೋಗಿದ್ದು ನನಗೆ ಒಳ್ಳೇದೇ ಆಯ್ತು. ಆ ದಿಣ್ಣೆ ಹತ್ತೋದು ಯಾರಿಗೆ ಬೇಕು? ಗಾಳಿ ಗೊತ್ತಿಲ್ದೆ ಹೋಗೋದು ಬೇಡ ಅಂತ ಪಟ್ಟಿಯಿಂದ ತೆಗೆದ್ವಿ," ಎಂದರು. ಇವರೇ ಇರಬೇಕು ಎಂದು ನಾನು ಟಿಪ್ಪಣಿಯಲ್ಲಿ ಅಡಿಗೆರೆ ಎಳೆದೆ.

ಪ್ರವಾಸದ ನಾಯಕ ಕ್ಯಾಪ್ಟನ್‌ಗೆ ಮಾತ್ರ ತುಂಬ ಬೇಸರವಾದಂತಿತ್ತು. ಕೋಟಿನ ಜೇಬಿನಿಂದ ದಪ್ಪನೆಯ ಶಾಯಿ ಪೆನ್ನು ತೆಗೆದು, ಹೊಸ ಪಟ್ಟಿಗೆ ಸಹಿ ಹಾಕುತ್ತಲೇ ಗೋಡೆಯ ಕಡೆ ಕೈತೋರಿಸಿದ. "ನೋಡಿ ಮೇಡಂ, ಎಲ್ಲರಿಗಿಂತ ಹೆಚ್ಚು ಹೊಟ್ಟೆ ಉರಿದಿರೋದು ನನಗೆ."

ಗೋಡೆಯಲ್ಲಿ ಮರದ ಹಲಗೆಯೊಂದಿತ್ತು. ಹನ್ನೊಂದು ವರ್ಷದ ಹಿಂದೆ, ಆಗಸ್ಟ್ ಹದಿನಾಲ್ಕರಂದು, ದೀಪಸ್ತಂಭದ ಮೈದಾನದ ಏಳನೇ ಕುಳಿಗೆ ಕ್ಯಾಪ್ಟನ್ ಒಂದೇ ಹೊಡೆತಕ್ಕೆ ಚೆಂಡು ಹಾಕಿದನೆಂದು ಬಂಗಾರದ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಸಾಕ್ಷಿಯೆಂದು ಕ್ಯಾಡಿಯ ಹೆಸರು.

"ಆ ವರ್ಷ ಜೂನ್‌ನಲ್ಲಿ ನಾನೂ ಅಲ್ಲಿದ್ದೆ. ಕಡಲು ನನ್ನ ಎರಡು ಜೊತೆ ಬೂಟು ನುಂಗ್ತು," ಎಂದರು ಅತ್ತೆ. ಕ್ಯಾಪ್ಟನ್ ನಕ್ಕ. ಅತ್ತೆ ನಗಲಿಲ್ಲ.

ಅಲ್ಲಿಂದ ಅವರು ತಮ್ಮ ಹಳೆಯ ಕಚೇರಿಗೆ ಕಾರು ಬಿಡಿಸಿ, ಒಂದು ನಕ್ಷೆಯ ಪ್ರತಿ ತೆಗೆಸಿಕೊಂಡರು.

ಸಂಜೆ ನಾಲ್ಕಕ್ಕೆ ಎಂಟೂ ಜನ ಉದ್ದನೆಯ ಮೇಜಿನ ಸುತ್ತ ಕೂತಿದ್ದರು. ಕ್ಯಾಡಿಯ ಮಗಳು ಬಾಗಿಲ ಬಳಿ ನಿಂತಿದ್ದಳು. ನಮ್ಮವರು ನನ್ನ ಮುಖ ನೋಡಲಿಲ್ಲ.

ಅತ್ತೆ ಎಲ್ಲರಿಗೂ ಒಂದೊಂದು ಚೀಟಿ ಕೊಟ್ಟರು. "ಹೋಗಬೇಕು ಅನ್ಸೋ ಮೂರು ಮೈದಾನ ಬರೀರಿ. ನಿಮ್ಮ ನಿಮ್ಮ ಪೆನ್ನಲ್ಲೇ."

ಬರೆದಾಯಿತು. ಅತ್ತೆ ಎಂಟು ಗಾಜಿನ ಲೋಟದಲ್ಲಿ ನೀರು ಇರಿಸಿ, ಒಂದೊಂದರಲ್ಲಿ ಒಂದೊಂದು ಚೀಟಿ ಅದ್ದಿದರು. ಏಳರಲ್ಲಿ ಬಾಲ್ ಪೆನ್ನಿನ ಅಕ್ಷರ ಹಾಗೇ ಉಳಿಯಿತು. ಎಂಟನೆಯದರಲ್ಲಿ ನೀಲಿ ಎಳೆ ಎಳೆಯಾಗಿ ಬಿಟ್ಟುಕೊಂಡು, ನೀರು ಬಕೆಟ್ಟಿನ ನೀರಿನ ಬಣ್ಣಕ್ಕೆ ತಿರುಗಿತು. ಅದು ಕ್ಯಾಪ್ಟನ್ ಚೀಟಿ.

"ಈ ಪುಸ್ತಕ ಪೂರ್ತಿ ಪೆನ್ಸಿಲಿನದು," ಎಂದು ಅತ್ತೆ ಪುಟ ತೆರೆದು ತೋರಿಸಿದರು. "ಮಳೆಯಲ್ಲಿ ನಿಂತು ಬರೆಯೋನು ಶಾಯಿ ನೆಚ್ಕೊಳ್ಳಲ್ಲ. ಪೆನ್ಸಿಲ್ ಬರಹ ನೀರಿಗೆ ಕರಗಲ್ಲ. ಹಾಗಾದ್ರೆ ಬಕೆಟ್ಟಲ್ಲಿ ಸಿಕ್ಕಿದ್ದು ಈ ಪುಸ್ತಕದ ಹಾಳೆಯೇ ಅಲ್ಲ. ಅಸಲಿ ಹಾಳೆ ಹಾಕಿದ್ರೆ ಯಾರಾದ್ರೂ ಒಣಗಿಸಿ ಓದಿಬಿಡೋರು. ಅದಕ್ಕೇ ಯಾರೋ ಶಾಯಿಯಲ್ಲಿ ಗೀಚಿದ ಬೇರೆ ಕಾಗದ ಮುಳುಗಿಸಿ, ಇವಳ ತಲೆಗೆ ಕಟ್ಟಿದ್ರು. ಈ ಕೋಣೆಯಲ್ಲಿ ಶಾಯಿ ಪೆನ್ನು ಇರೋದು ಒಂದೇ."

"ಇದೇನು ತಮಾಷೆ ಮೇಡಂ?" ಎಂದ ಕ್ಯಾಪ್ಟನ್. "ಆ ಮೈದಾನ ನನ್ನ ಹೆಮ್ಮೆ. ಬೇಡ ಅಂದವರು ಡಾಕ್ಟರು."

"ಅವರು ಬಾಯಿಬಿಟ್ಟು ಬೇಡ ಅಂದ್ರು, ಅವರಿಗೆ ಹರಿಯೋ ಅಗತ್ಯವೇ ಇಲ್ಲ. ನೀವು ಬಾಯಲ್ಲಿ ಬೇಕು ಅನ್ನಬೇಕಿತ್ತು, ಮನಸ್ಸಲ್ಲಿ ಬೇಡ ಇತ್ತು." ಅತ್ತೆ ನಕ್ಷೆ ಬಿಡಿಸಿದರು. "ಆ ಜೂನ್‌ನಲ್ಲಿ ಕಡಲು ಏಳನೇ ಕುಳಿಯನ್ನ, ಅದರ ಸುತ್ತಲ ಹುಲ್ಲುಹಾಸಿನ ಸಮೇತ ಕಿತ್ಕೊಂಡು ಹೋಯ್ತು. ನಾನೇ ಅಳೆದು ಬರೆದ ಗೆರೆ ಇದು. ಹೊಸ ಕುಳಿ ಮಾಡಿದ್ದು ಮಾರನೇ ವರ್ಷ. ಆಗಸ್ಟ್ ಹದಿನಾಲ್ಕಕ್ಕೆ ಅಲ್ಲಿ ನೀರು ಬಿಟ್ರೆ ಏನೂ ಇರಲಿಲ್ಲ. ಚೆಂಡು ಎಲ್ಲಿಗೆ ಹಾಕಿದ್ರಿ ಕ್ಯಾಪ್ಟನ್ನರೇ?"

ಡಾಕ್ಟರರು ನಕ್ಷೆಯನ್ನು ತಮ್ಮ ಕಡೆಗೆ ಎಳೆದುಕೊಂಡರು. ಅತ್ತೆ ಮುಂದುವರಿಸಿದರು.

"ಹಲಗೆ ಪ್ರಕಾರ ಆವತ್ತು ಜೊತೆಗಿದ್ದದ್ದು ಕ್ಯಾಡಿ ಒಬ್ಬರೇ. ಅವರನ್ನ ಕೇಳದೆ ಸಾಕ್ಷಿ ಮಾಡಿದ್ರಿ. ಕೆಲಸದ ಭಯಕ್ಕೆ ಅವರು ಬಾಯಿ ಬಿಡಲಿಲ್ಲ, ಆದರೆ ಪುಸ್ತಕದಲ್ಲಿ ಆ ದಿನದ್ದೂ ಬರೆದಿರ್ತಾರೆ ಅಂತ ನಿಮಗೆ ಗೊತ್ತಿತ್ತು. ಅವರು ಇರೋತನಕ ಬಾಯಲ್ಲಿ ಹೇಳೋರು, ಪುಸ್ತಕ ಯಾರೂ ತೆರೀತಿರಲಿಲ್ಲ. ಈ ವರ್ಷ ಓದೋಣ ಅಂದಾಗ ನಿಮಗೆ ನಡುಕ ಹುಟ್ಟಿತು. ಹಾಳೆ ಹೋದ್ರೆ ಬರಹವೂ ಇಲ್ಲ, ಆ ಮೈದಾನಕ್ಕೆ ಹೋಗಿ ಅಲ್ಲಿನವರ ಬಾಯಿಂದ ನಿಜ ಕೇಳೋದೂ ಇಲ್ಲ. ಎಲ್ಲಿ ಆ ಹಾಳೆಗಳು?"

ಕ್ಯಾಪ್ಟನ್ ತನ್ನ ಚೀಟಿಯ ಲೋಟವನ್ನು ದೂರ ಸರಿಸಿದ. "ಸುಟ್ಟೆ," ಎಂದ.

ಬಾಗಿಲ ಬಳಿ ನಿಂತವಳು ಕಣ್ಣು ಮುಚ್ಚಿಕೊಂಡಳು. "ಅಪ್ಪ ಆ ಹಲಗೆಯ ಕೆಳಗೆ ಯಾವತ್ತೂ ನಿಲ್ತಿರಲಿಲ್ಲ. ಯಾಕೆ ಅಂತ ಈಗ ತಿಳೀತು," ಎಂದಳು.

ಕ್ಯಾಪ್ಟನ್ ಎದ್ದ. "ಆಯ್ತಮ್ಮ, ನನ್ನಿಂದ ತಪ್ಪಾಯ್ತು. ನಾಳೆಯಿಂದ ಕೆಲಸಕ್ಕೆ ಬಾ."

"ಹಾಳೆ ಹರಿದದ್ದು ನೀವೊಬ್ಬರು," ಎಂದಳು ಆಕೆ. "ನನ್ನ ಚೀಲ ಸುರಿದಾಗ ಇನ್ನೂ ಏಳು ಜನ ಇಲ್ಲೇ ಕೂತಿದ್ರಲ್ಲ. ಅವರು ಏನೂ ಹರೀಲಿಲ್ಲ, ಹೌದು. ಏನೂ ಮಾಡಲಿಲ್ಲ."

ಆಕೆ ಮೇಜಿನ ಹತ್ತಿರ ಬಂದು ಪುಸ್ತಕ ಎತ್ತಿಕೊಂಡಳು. ಅದು ಕ್ಲಬ್ಬಿನ ಸ್ವತ್ತು ಎಂದು ಕಾರ್ಯದರ್ಶಿ ಶುರುಮಾಡಿದ. ಅತ್ತೆ ಅವನ ಕಡೆ ಒಂದು ಸಲ ನೋಡಿದರು. ಅವನು ಅಲ್ಲಿಗೇ ನಿಲ್ಲಿಸಿದ. ಆಕೆ ಯಾರ ಅಪ್ಪಣೆಗೂ ಕಾಯದೆ ಹೊರಟುಹೋದಳು. ಆ ಕೆಲಸಕ್ಕೆ ಮತ್ತೆ ಬರಲಿಲ್ಲ.

ನಾನು ಕಾರು ಶುರುಮಾಡುವ ಹೊತ್ತಿಗೆ ನಮ್ಮವರು ಬಂದು ಹಿಂದಿನ ಬಾಗಿಲಿಗೆ ಕೈ ಹಾಕಿದರು. ಅತ್ತೆ ಕಿಟಕಿಯಾಚೆ ನೋಡುತ್ತಾ ಕೂತಿದ್ದರು. ನಾನು ಬಾಗಿಲಿನ ಲಾಕ್ ತೆಗೆಯಲಿಲ್ಲ.

"ನಾನೇನು ಮಾಡಬಹುದಿತ್ತು ಹೇಳು," ಎಂದರು ಅವರು, ಗಾಜಿಗೆ ಬಾಗಿ. "ಎಲ್ಲರೂ ಸುಮ್ಮನಿದ್ರು. ನಾನೊಬ್ಬ ಏನಂತ ಹೇಳಬೇಕಿತ್ತು?"

"ಆ ಚೀಲ ಕೆಳಗಿಡಿ ಅಂತ," ಎಂದೆ. "ಅಷ್ಟೇ."

ಮನೆ ನಾಲ್ಕು ಕಿಲೋಮೀಟರ್ ದೂರವಿತ್ತು. ಅವರು ನಡೆದುಕೊಂಡು ಬಂದರು.