ಹರಿಪುರದ ಅಟ್ಟದ ಮೇಲಿನ ಗಾಜು

ಹರಿಪುರದ ಮನೆ ಇನ್ನೂ ನಿಂತಿದೆ, ಆದರೆ ನೀರು ಅಟ್ಟದ ಹತ್ತಿರ ಏರಿದೆ ಎಂಬ ಸುದ್ದಿ ಬಂದೊಡನೆ ಇಂದುಬಾಯಿ ಮಿರಜಿನ ಶಾಲೆಯಲ್ಲಿ ತೆರೆದಿದ್ದ ನೆರೆ ಸಂತ್ರಸ್ತರ ಆಸರೆಯಿಂದ ಎದ್ದು ಹೊರಟಳು. ಅಟ್ಟದ ಮೇಲೆ ಎರಡು ತಗಡಿನ ಪೆಟ್ಟಿಗೆಗಳಿದ್ದವು. ಅವನ್ನು ತರಬೇಕು.

ಪೆಟ್ಟಿಗೆಗಳ ತುಂಬ ಗಾಜಿನ ಸ್ಲೈಡುಗಳು. ಸೊಸೆಯಾಗಿ ಬಂದ ವರ್ಷದಿಂದ ಅವಳು ಕೃಷ್ಣಾ–ವಾರಣಾ ಸಂಗಮದ ಕೆಸರಿನಿಂದ ಬರಿಗಣ್ಣಿಗೆ ಕಾಣದ ಪಾಚಿಯನ್ನು, ಅದು ಸತ್ತಮೇಲೆ ಉಳಿಯುವ ಚಿಪ್ಪನ್ನು, ಸ್ಲೈಡುಗಳ ಮೇಲೆ ಕೂಡಿಸುತ್ತ ಬಂದಿದ್ದಳು. ಮಿರಜಿನ ಆಸ್ಪತ್ರೆಯೊಂದರಿಂದ ಕೊಂಡು ತಂದಿದ್ದ ಹಳೇ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಂದೇ ಹನಿಯಲ್ಲಿ ದೋಣಿಗಳು, ಬಾಚಣಿಗೆಗಳು, ರಂಗೋಲಿಯ ಎಳೆಗಳು. ಗಂಡ ನೇಮಿನಾಥ ಕಣ್ಣು ನೋಯುತ್ತದೆಂದು ಒಮ್ಮೆಯೂ ಬಗ್ಗಿ ನೋಡದೆಯೇ ತೀರಿಹೋದ.

ಮೇಲ್ದಂಡೆಯಲ್ಲಿ ಸಕ್ಕರೆ ಕಾರ್ಖಾನೆ ಎದ್ದಮೇಲೆ ಒಂದೊಂದೇ ಜಾತಿಯ ಪಾಚಿ ಮಾಯವಾಯಿತು. ನದಿ ಮೊದಲಿನಿಂದಲೂ ಹೀಗೇ ಇತ್ತೆಂದು ಕಾರ್ಖಾನೆಯ ವಕೀಲರು ನದಿ ಕೆಡಿಸಿದ ಮೊಕದ್ದಮೆಯ ವಿಚಾರಣೆಯಲ್ಲಿ ನಾಚಿಕೆಯಿಲ್ಲದೆ ವಾದಿಸುತ್ತಿದ್ದರು. ವಿಷ ಉಣಿಸಿದವರ ಪರ ಅಷ್ಟು ಬಾಯಿ. ವಿಷ ಉಂಡ ನದಿಯ ಪರ ಸಾಕ್ಷಿ ಈ ಗಾಜು.

ಅದನ್ನು ಬಿಟ್ಟು ಬಂದದ್ದು ಅವಳದೇ ತಪ್ಪು. ಜೈನರ ಮನೆಯಲ್ಲಿ ನೀರು ಸೋಸಿದರೆ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಅದೇ ಬಾವಿಗೆ ಮರಳಿ ಬಿಡಬೇಕು. ಪೊಲೀಸರ ದೋಣಿ ಅಂಗಳಕ್ಕೆ ಬಂದಾಗ ಅವಳು ಬಾಟಲಿಯಲ್ಲಿ ಸಾಕಿದ್ದ ಜೀವಂತ ಪಾಚಿಯನ್ನು ಹಿತ್ತಲ ಬಾವಿಗೆ ಬಿಡುತ್ತ ನಿಂತಿದ್ದಳು. ಪೊಲೀಸರು ತೋಳು ಹಿಡಿದು ಎಳೆದೊಯ್ದರು. ಪೆಟ್ಟಿಗೆಗೆ ಸಮಯ ಸಿಗಲಿಲ್ಲ.

ಈಗ ಸಾಮಾನು ತರಲು ಯಾರೂ ದೋಣಿ ಕೊಡಲಿಲ್ಲ. ಆಲೆಮನೆಯಲ್ಲಿ ದುಡಿಯುವ ದಾದಾಸಾಬ ಮತ್ತು ಅವನ ಹೆಂಡತಿ ತಂಗೆವ್ವ ಬೆಲ್ಲ ಕಾಯಿಸುವ ಅಗಲವಾದ ಕೊಪ್ಪರಿಗೆಯನ್ನೇ ನೀರಿಗಿಳಿಸಿದರು.

"ನಟ್ಟನಡುವ ಕುಂದ್ರಿ ಅಕ್ಕಾರ," ಎಂದ ದಾದಾಸಾಬ. "ಅಳ್ಳಾಡಿದ್ರ ಬುಗರಿ ಆಕ್ಕೇತಿ ಇದು."

ತಂಗೆವ್ವ ಬಿದಿರುಗೋಲು ಊರಿದಳು. "ಇವನ ಮಾತಿಗಿ ಅಂಜಬ್ಯಾಡ್ರಿ. ಒಲಿ ಮ್ಯಾಲ ಬಿಟ್ಟು ಬ್ಯಾರೆ ಕಡೆ ಕೊಪ್ಪರಿಗಿ ನೋಡ್ಯಾನೇನ ಇವ?"

ಕಬ್ಬಿನ ಹೊಲಗಳೆಲ್ಲ ಕೆಂಪು ನೀರಿನ ಅಡಿಗೆ ಸರಿದಿದ್ದವು. ಕರೆಂಟಿನ ಕಂಬಗಳ ತುದಿಯಲ್ಲಿ ಕಾಗೆಗಳು ಸುಮ್ಮನೆ ಕೂತಿದ್ದವು. ನಾಯಿ ಬೊಗಳಲಿಲ್ಲ, ಬಾಗಿಲು ಕಿರುಗುಟ್ಟಲಿಲ್ಲ. ಊರು ಊರೇ ಉಸಿರು ಹಿಡಿದು ಮುಳುಗಿತ್ತು. ಗಂಡಹೆಂಡಿರು ದಾರಿಯುದ್ದಕ್ಕೂ ಜಗಳವಾಡಿದರು. ಇಂದುಬಾಯಿಗೆ ಅದನ್ನು ಕೇಳುತ್ತಲೇ ಇರಬೇಕೆನಿಸಿತು. ಅವಳೊಡನೆ ಜಗಳಕ್ಕಾದರೂ ಯಾರೂ ಉಳಿದಿರಲಿಲ್ಲ.

ಮನೆ ಮುಟ್ಟಿದೊಡನೆ ದಾದಾಸಾಬ ಚಾವಣಿಯ ಹೆಂಚು ಕಿತ್ತ. ಇಂದುಬಾಯಿ ಅಟ್ಟಕ್ಕೆ ಇಳಿದಳು. ನೀರು ಹಲಗೆ ನೆಕ್ಕುತ್ತಿತ್ತು. ಎರಡೂ ಪೆಟ್ಟಿಗೆ ನೆನೆದಿರಲಿಲ್ಲ. ಅವುಗಳ ಹಿಂದೆಯೇ ಸೂಕ್ಷ್ಮದರ್ಶಕವನ್ನೂ ಮೇಲೆತ್ತಿ ಕೊಟ್ಟಳು.

ಮರಳುವಾಗ ಸೆಳವು ಕೊಪ್ಪರಿಗೆಯನ್ನು ಗರಗರ ತಿರುಗಿಸಿತು. ಮುಳುಗಿದ್ದ ಕಬ್ಬಿನ ಗಾಡಿಗೆ ಡಿಕ್ಕಿ. ಅಂಚು ವಾಲಿತು. ನೀರು ಒಳನುಗ್ಗಿತು.

"ಭಾರ ಆತ್ರಿ. ಒಂದ ಪೆಟಗಿ ಒಗೀರಿ," ಎಂದ ದಾದಾಸಾಬ.

"ಪೆಟಗಿ ಒಗಿಯಾಂಗಿಲ್ಲ."

"ಹಂಗಾರ ನನ್ನ ಗಂಡನ್ನ ಒಗೀರಿ," ಎಂದಳು ತಂಗೆವ್ವ, ಬೊಗಸೆಯಲ್ಲಿ ನೀರು ಮೊಗೆಯುತ್ತ.

ಇಂದುಬಾಯಿ ಹಿತ್ತಾಳೆಯ ಸೂಕ್ಷ್ಮದರ್ಶಕವನ್ನು ಎತ್ತಿದಳು. ಕಣ್ಣಿಡುವ ಕೊಳವೆಯನ್ನು ಸೆರಗಿನಿಂದ ಒರೆಸಿದಳು. ನೀರಿಗೆ ಬಿಟ್ಟಳು.

ಅದು ಸಾಲಲಿಲ್ಲ.

ಸೀರೆಗೆ ಕಚ್ಚೆ ಹಾಕಿ ತಾನೂ ಇಳಿದಳು. ಅಂಚು ಹಿಡಿದು ತೇಲಿದಳು. ಕೊಪ್ಪರಿಗೆ ಮೇಲೆದ್ದಿತು. ತಂಗೆವ್ವ ಒಂದು ಕೈಯಿಂದ ಅವಳ ರಟ್ಟೆ ಹಿಡಿದಳು, ದಡ ಕಾಲಿಗೆ ಸಿಗುವವರೆಗೂ ಬಿಡಲಿಲ್ಲ.

ಕೆಸರಿನಲ್ಲಿ ಕೂತು ಪೆಟ್ಟಿಗೆ ತೆರೆದರು. ದಾದಾಸಾಬ ಒಂದು ಸ್ಲೈಡನ್ನು ಬಿಸಿಲಿಗೆ ಹಿಡಿದ.

"ಏನೂ ಇಲ್ಲಲ್ರಿ ಅಕ್ಕಾರ ಇದರಾಗ."

"ಐತಿ. ಕಾರ್ಖಾನಿ ಬರೂಕಿಂತ ಮದಲಿನ ಹೊಳಿ ಐತಿ."

ಅದನ್ನು ತೋರಿಸಲು ಅವಳ ಬಳಿ ಈಗ ಏನೂ ಇರಲಿಲ್ಲ. ನಾಳೆಯಿಂದ ಮಿರಜಿನ ಲ್ಯಾಬುಗಳ ಬಾಗಿಲು ಬಾಗಿಲಿಗೆ ಹೋಗಿ ಯಂತ್ರ ಬೇಡಬೇಕು. ದಾದಾಸಾಬನ ಕೈಯಿಂದ ಸ್ಲೈಡನ್ನು ತೆಗೆದುಕೊಂಡು ಅದರ ಗೂಡಿಗೆ ಸರಿಯಾಗಿ ಇಳಿಸಿದಳು.

ತಂಗೆವ್ವ ಒದ್ದೆ ಸೆರಗು ಹಿಂಡುತ್ತ ಹೇಳಿದಳು: "ಮಶೀನ ಸಿಕ್ಕಾಗ ನನಗೂ ಒಂದಿಷ್ಟ ತೋರಸ್ರಿ."

ಇಷ್ಟು ವರ್ಷಗಳಲ್ಲಿ ಹಾಗೆ ಕೇಳಿದವರು ಯಾರೂ ಇರಲಿಲ್ಲ. ಇಂದುಬಾಯಿ ಪೆಟ್ಟಿಗೆಯ ಮುಚ್ಚಳ ಹಾಕಿ ಅವಳತ್ತ ತಿರುಗಿದಳು.

"ಮದಲ ನೀನ ನೋಡು," ಎಂದಳು. "ಆಮ್ಯಾಲ ವಕೀಲರು ನೋಡ್ಲಿ."