ಯಾರೂ ಕರೆಯದ ಮೂರು ಫಂಕ್ಷನ್‌ಗಳು

"ನನ್ನ ಮೂರು ಫಂಕ್ಷನ್ ಅಳಿಸ್ತಿದೀರಂತೆ?"

ಅವಳು ತಲೆಯೆತ್ತಿದಳು. ಎದುರಿಗೆ ಅಜ್ಜ ನಿಂತಿದ್ದ. ಮೂವತ್ತೂ ದಾಟದವನಿಗೆ ಆಫೀಸು ಇಟ್ಟ ಅಡ್ಡಹೆಸರದು. ಫಂಕ್ಷನ್ ಎಂಬ ಪುಟ್ಟ ಪುಟ್ಟ ತುಣುಕುಗಳೂ ಸೇರಿ ಹಳೇ ಕೋಡನ್ನೆಲ್ಲ ಅವನೇ ಸಾಕುತ್ತಿದ್ದ. ಬೇಡದ ಕೋಡನ್ನು ತೆಗೆದುಹಾಕುವುದು ಅವಳ ಕೆಲಸ, ಹಾಗಾಗಿ ಅವಳು ಕತ್ತರಿ. ವರ್ಷದಿಂದ ಎದುರುಬದುರು ಕೂತಿದ್ದರೂ ಅವನು ತಾನಾಗಿ ಬಾಯಿಬಿಟ್ಟದ್ದು ಇದೇ ಮೊದಲು. ಅವಳು ಸುಮ್ಮಸುಮ್ಮನೆ ಕೂದಲು ಸರಿಮಾಡಿಕೊಂಡಳು.

"ಯಾರೂ ಕರೆಯಲ್ಲ, ಓಡಿಸಲ್ಲ ಅವನ್ನ. ಸಂಜೆ ಹೊಸ ವರ್ಷನ್ ರಿಲೀಸು. ಬರೀ ವರದಿ ಕೊಡೋ ಫಂಕ್ಷನ್ ಇಟ್ಕೊಂಡು ಮುದ್ದು ಮಾಡ್ಲಾ?"

ಅವನ ಕಿವಿ ಕೆಂಪಾಯಿತು. "ಅಳಿಸೋಕೆ ಮುಂಚೆ ಒಂದ್ಸಲ ನೀವೇ ಕರೆದು ನೋಡಿ."

ಅವರ ಕೋಡ್ ಲೈಬ್ರರಿಯಲ್ಲಿ ಒಂದು ಹ್ಯಾಶ್ ಟೇಬಲ್ ಇತ್ತು: ಸಾಲಾಗಿ ಸಾವಿರಾರು ಡಬ್ಬಗಳು. ಪ್ರತಿ ಫೈಲಿನ ಹೆಸರಿಂದಲೂ ಒಂದು ಲೆಕ್ಕ. ಆ ಲೆಕ್ಕ ಹೇಳಿದ ಡಬ್ಬಕ್ಕೇ ಹೆಸರು ಹೋಗುತ್ತದೆ. ಹುಡುಕುವಾಗಲೂ ಅದೊಂದನ್ನೇ ತೆರೆದರೆ ಸಾಕು. ಯಾವ ಡಬ್ಬದಲ್ಲಿ ಎಷ್ಟಿವೆ ಎಂದು ಹೇಳುವುದಷ್ಟೇ ಆ ಮೂರು ಫಂಕ್ಷನ್‌ಗಳ ಕೆಲಸ.

ಅವಳು ಕರೆದಳು. ಸ್ಕ್ರೀನಿನ ತುಂಬ ಸೊನ್ನೆ, ಸೊನ್ನೆ, ಸೊನ್ನೆ. ನಡುವೆ ಒಂದೇ ಒಂದು ಡಬ್ಬದಲ್ಲಿ ಎಲ್ಲ ಹೆಸರುಗಳೂ ಉಸಿರುಗಟ್ಟುವಂತೆ ತುಂಬಿದ್ದವು.

ಹೋದ ವಾರ ವೇಗಕ್ಕೆಂದು ಹೆಸರಿನ ಮೊದಲ ನಾಲ್ಕು ಅಕ್ಷರ ಮಾತ್ರ ನೋಡುವಂತೆ ಲೆಕ್ಕವನ್ನು ಬದಲಿಸಿದ್ದವಳು ಅವಳೇ. ಈ ಫೈಲುಗಳೋ, ಎಲ್ಲವೂ ಒಂದೇ ನಾಲ್ಕು ಅಕ್ಷರದಿಂದ ಶುರುವಾಗುತ್ತಿದ್ದವು.

"ಅಯ್ಯೋ, ಇದು ನನ್ನದೇ ಕಿತಾಪತಿ! ಆದ್ರೆ ಹುಡುಕಿದ್ರೆ ಉತ್ತರ ಸರಿಯಾಗೇ ಬರ್ತಿತ್ತಲ್ಲ?"

"ಬರ್ತಿತ್ತು. ಆ ಒಂದೇ ಡಬ್ಬ ಪೂರ್ತಿ ಜಾಲಾಡಿ ತಡ ಆಗ್ತಿತ್ತು ಅಷ್ಟೇ. ಹೊರಗಿಂದ ಏನೂ ಗೊತ್ತಾಗಲ್ಲ."

ಅವಳು ಲೆಕ್ಕವನ್ನು ಮೊದಲಿನಂತೆ ಮಾಡಿ ಮತ್ತೆ ಕರೆದಳು.

ಎರಡು. ಒಂದು. ಮೂರು. ಒಂದು. ಸೊನ್ನೆ. ಎರಡು... ಸಾಲುಗಳು ಮೇಲೇರುತ್ತಲೇ ಇದ್ದವು. ಯಾರೂ ಜಾಗ ಹಂಚಿರಲಿಲ್ಲ, ಯಾರೂ ಕೈಹಿಡಿದು ಕೂರಿಸಿರಲಿಲ್ಲ. ಒಂದು ಪುಟ್ಟ ಲೆಕ್ಕ, ಅಷ್ಟೇ. ಅಷ್ಟೂ ಹೆಸರುಗಳು ಹೆಚ್ಚುಕಮ್ಮಿ ಸಮನಾಗಿ ಹರಡಿ ನೆಮ್ಮದಿಯಾಗಿ ಕೂತಿದ್ದವು. ಇಷ್ಟು ವರ್ಷ ಕೋಡ್ ಬರೆದೂ ಅದರ ಒಳಗನ್ನು ಅವಳು ಹೀಗೆ ಕಂಡಿರಲಿಲ್ಲ. ಮೈ ಜುಮ್ಮೆಂದಿತು.

"ಎಷ್ಟು ಚೆಂದ ಇದೆ," ಎಂದಳು ಮೆಲ್ಲಗೆ.

"ಹೂಂ." ಅವನು ಸ್ಕ್ರೀನ್ ನೋಡುತ್ತಿರಲಿಲ್ಲ.

ಅವಳು ಮೂರೂ ಫಂಕ್ಷನ್‌ಗಳನ್ನು ಅಳಿಸದೆ ಉಳಿಸಿದಳು. ಆಮೇಲೆ ಕುರ್ಚಿ ತಿರುಗಿಸಿ, ತುಂಟನಗು ತಡೆಯುತ್ತ ಕೇಳಿದಳು. "ಅಜ್ಜಾ, ನಿಮ್ಮ ಮೇಲೆ ಇದನ್ನ ಓಡಿಸಿದ್ರೆ ಏನು ಬರುತ್ತೆ?"

ಅವನು ನೆಲ ನೋಡುತ್ತ ಹೇಳಿದ. "ಎಲ್ಲಾ ಸೊನ್ನೆ. ಒಂದು ಡಬ್ಬ ಬಿಟ್ಟು."

"ಅದರಲ್ಲಿ ಏನಿದೆ?"

"ನೀವು ನಕ್ಕಿದ್ದು. ನೀವು ಬೈದಿದ್ದು. ನೀವು ರಜೆ ಹಾಕಿದ ದಿನಗಳು."

ನಗು ಅವಳ ತುಟಿಯಲ್ಲೇ ನಿಂತಿತು. ವರ್ಷವಿಡೀ ಕಣ್ಣೆದುರಿಗೇ ಇದ್ದವನು. ಹೊರಗಿಂದ ಏನೂ ಗೊತ್ತಾಗಿರಲಿಲ್ಲ.

"ಎಂಥ ಕೆಟ್ಟ ಹಂಚಿಕೆ," ಎಂದಳು.

"ಸರಿ ಮಾಡ್ಬೇಕಾ?"

ಅವಳು ಕೀಬೋರ್ಡ್ ಬಿಟ್ಟು ಅವನ ಕೈ ಹಿಡಿದಳು.

"ಅದನ್ನ ಮುಟ್ಟಿದ್ರೆ ನೋಡು!"